ಅಪ್‌ಗ್ರೇಡ್ ಒತ್ತುವುದಾ, ಕಾಯುವುದಾ? ವಿಂಡೋಸ್ ಬಳಸುವ ಕರಾವಳಿಯ ಅಂಗಡಿ, ಕಚೇರಿ, ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಮಂಗಳೂರು ಹಂಪನಕಟ್ಟೆಯ ಲೆಕ್ಕಪತ್ರದ ಕಚೇರಿಯಿಂದ ಉಡುಪಿ ರಥಬೀದಿ ಆಸುಪಾಸಿನ ಡಿಟಿಪಿ ಅಂಗಡಿಯವರೆಗೆ, ಕಂಪ್ಯೂಟರ್ ನೋಡಲು ಹೋದಲ್ಲೆಲ್ಲ ಪ್ರಶ್ನೆ ಒಂದೇ: "ವಿಂಡೋಸ್ 11 ಹಾಕಿ ಅಂತ ದಿನಾ ಬರ್ತಾ ಉಂಟು ಮಾರಾಯ್ರೆ, ಒತ್ತುದಾ ಬೇಡ್ವಾ?" ಎಲ್ಲರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಹೆಚ್ಚಿನ ಕಡೆ ಉತ್ತರ ಸಿಗುವುದು ಮೇಜಿನ ಮೇಲಿರುವ ಅತಿ ಹಳೆಯ ವಸ್ತುವನ್ನು ನೋಡಿದ ಮೇಲೆಯೇ. ಅದು ಪ್ರಿಂಟರ್ ಇರಬಹುದು, ಡಿಜಿಟಲ್ ಸಹಿಯ ಟೋಕನ್ ಇರಬಹುದು, ಪುಟ ವಿನ್ಯಾಸಕ್ಕೆ ಬಳಸುವ 2001ರ ಪೇಜ್‌ಮೇಕರ್ ತಂತ್ರಾಂಶ ಇರಬಹುದು.

ನನ್ನ ಪಕ್ಷ ಯಾವುದೆಂದು ಮೊದಲೇ ಹೇಳಿಬಿಡುತ್ತೇನೆ. ಕಾಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಎಲ್ಲಿಯವರೆಗೆ ಕಾಯುತ್ತೀರಿ ಎಂಬ ತಾರೀಕು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಾಗಿರಬೇಕು. ಆ ತಾರೀಕನ್ನು ಹೇಗೆ ಕಂಡುಕೊಳ್ಳುವುದು, ಅದು ಬಂದಾಗ ಏನು ಮಾಡುವುದು ಎಂಬುದೇ ಈ ಬರಹ.

ಮೊದಲು, ನೀವು ಮುಂದೂಡುತ್ತಿರುವುದು ಯಾವುದನ್ನು?

ಅಪ್‌ಡೇಟ್ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಬರುತ್ತವೆ. ಒಂದು, ಪ್ರತಿ ತಿಂಗಳ ಭದ್ರತಾ ಅಪ್‌ಡೇಟ್. ಅಮೆರಿಕದ ಲೆಕ್ಕದಲ್ಲಿ ತಿಂಗಳ ಎರಡನೇ ಮಂಗಳವಾರ ಬಿಡುಗಡೆಯಾಗುತ್ತದೆ, ನಮ್ಮಲ್ಲಿ ಅದೇ ರಾತ್ರಿ ಅಥವಾ ಬುಧವಾರ ಬೆಳಿಗ್ಗೆ ತಲುಪುತ್ತದೆ. ಎರಡು, ವರ್ಷಕ್ಕೊಮ್ಮೆ ಬರುವ ಆವೃತ್ತಿ: 24ಎಚ್2, 25ಎಚ್2 ಎಂಬ ಹೆಸರಿನವು. ಮೂರು, 10ರಿಂದ 11ಕ್ಕೆ ಹೋಗುವಂಥ ದೊಡ್ಡ ಬದಲಾವಣೆ.

ಜನ ಎಡವುವುದು ಇಲ್ಲೇ. ಮೂರನೆಯದರ ಭಯಕ್ಕೆ ಮೊದಲನೆಯದನ್ನೂ ನಿಲ್ಲಿಸಿಬಿಡುತ್ತಾರೆ. ಯಾರೋ ಬಂದು ವಿಂಡೋಸ್ ಅಪ್‌ಡೇಟ್ ಸರ್ವಿಸನ್ನೇ ಆಫ್ ಮಾಡಿ ಹೋಗಿರುತ್ತಾರೆ, ವರ್ಷಗಟ್ಟಲೆ ಹಾಗೇ ಇರುತ್ತದೆ. 2017ರ ಮೇ 12ರಂದು ವನ್ನಾಕ್ರೈ ಎಂಬ ವೈರಸ್ ಜಗತ್ತಿನಾದ್ಯಂತ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ (ದೋಷ ಸರಿಪಡಿಸುವ ಅಪ್‌ಡೇಟ್) ಕೊಟ್ಟಿತ್ತು. ಸುಮಾರು ಎರಡು ತಿಂಗಳು ಅದನ್ನು ಹಾಕಿಕೊಳ್ಳದೆ ಕುಳಿತವರ ಯಂತ್ರಗಳೇ ಹೆಚ್ಚಾಗಿ ಸಿಕ್ಕಿಬಿದ್ದವು.

ಎದುರು ಕಡೆಯ ಉದಾಹರಣೆಯೂ ಉಂಟು. 2018ರ ಅಕ್ಟೋಬರ್ 2ರಂದು ವಿಂಡೋಸ್ 10ರ 1809 ಆವೃತ್ತಿ ಬಂತು. ಬಂದ ದಿನವೇ ಹಾಕಿಕೊಂಡ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನ ಕಡತಗಳು ಮಾಯವಾದವು. ಕೆಲವೇ ದಿನಗಳಲ್ಲಿ ಕಂಪನಿ ಅದನ್ನು ಹಿಂದಕ್ಕೆ ಪಡೆದು, ಸರಿಪಡಿಸಿ, ನವೆಂಬರ್ 13ರಂದು ಮತ್ತೆ ಬಿಟ್ಟಿತು. ಆರು ವಾರ ಸುಮ್ಮನಿದ್ದವರಿಗೆ ಏನೂ ಆಗಲಿಲ್ಲ.

ಇವೆರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನಾನು ಹೇಳುವ ಕ್ರಮ ಇಷ್ಟು. ತಿಂಗಳ ಭದ್ರತಾ ಅಪ್‌ಡೇಟನ್ನು ನಾಲ್ಕೈದು ದಿನ, ಹೆಚ್ಚೆಂದರೆ ಒಂದು ವಾರ ನೋಡಿ ಹಾಕಿಕೊಳ್ಳಿ. ವರ್ಷದ ಆವೃತ್ತಿಗೆ ಎರಡು ತಿಂಗಳು ಕೊಡಿ. ದೊಡ್ಡ ಬದಲಾವಣೆಗೆ ಮುಂದೆ ಹೇಳುವ ತಪಾಸಣೆ ಪೂರ್ತಿ ಮುಗಿಸಿ.

ನಿಮ್ಮಲ್ಲಿ ಏನಿದೆ ಎಂದು ನೋಡಿ

ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿದರೆ ಚಿಕ್ಕ ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ವಿನ್‌ವರ್ (winver) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಆವೃತ್ತಿ ಗೊತ್ತಾಗುತ್ತದೆ. ಈಗ ತಾರೀಕುಗಳು:

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಚ್ಚುವರಿ ಭದ್ರತಾ ಯೋಜನೆಗೆ ಹೆಸರು ನೋಂದಾಯಿಸಿದ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ತೇಪೆಗಳು ಸಿಗುತ್ತವೆ ಎಂದು ಕಂಪನಿ ಪ್ರಕಟಿಸಿದೆ. ವಿಂಡೋಸ್ 11ರಲ್ಲಿ ಹೋಮ್ ಮತ್ತು ಪ್ರೊ ಬಳಸುವವರಿಗೆ ಪ್ರತಿ ಆವೃತ್ತಿಗೂ 24 ತಿಂಗಳ ಬೆಂಬಲ. ಅದರಂತೆ 23ಎಚ್2 ಕಾಲ 2025ರ ನವೆಂಬರ್ 11ಕ್ಕೆ ಮುಗಿದಿದೆ, 24ಎಚ್2ಗೆ 2026ರ ಅಕ್ಟೋಬರ್ 13 ಕೊನೆ, 25ಎಚ್2ಗೆ 2027ರ ಅಕ್ಟೋಬರ್ 12. "ನನ್ನದು 11, ನನಗೇನು ಚಿಂತೆ" ಎನ್ನುವವರು ಈ ಸಾಲನ್ನು ಇನ್ನೊಮ್ಮೆ ಓದಬೇಕು. ಹಳೆಯ 11ರಲ್ಲೇ ಉಳಿದವರಿಗೂ ತೇಪೆ ಬರುವುದಿಲ್ಲ.

ಒಂದು ಸಮಾಧಾನದ ವಿಷಯ. 24ಎಚ್2ನಿಂದ 25ಎಚ್2ಗೆ ಹೋಗುವುದು ಬಹಳ ಸಣ್ಣ ಕೆಲಸ. ಎರಡರ ಒಳಗಿನ ಕಡತಗಳೂ ಬಹುಪಾಲು ಒಂದೇ, ಚಿಕ್ಕ ಪ್ಯಾಕೇಜ್ ಇಳಿದು ಒಮ್ಮೆ ರೀಸ್ಟಾರ್ಟ್ ಆದರೆ ಮುಗಿಯಿತು. ಅದಕ್ಕೆ ಈ ಬರಹವೆಲ್ಲ ಬೇಕಾಗಿಲ್ಲ.

10ರಲ್ಲಿ ಇರುವವರು ಯಂತ್ರದ ಯೋಗ್ಯತೆಯನ್ನು ನೋಡಬೇಕು. 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಯುಇಎಫ್‌ಐ (ಕಂಪ್ಯೂಟರನ್ನು ಎಬ್ಬಿಸುವ ಮೂಲ ತಂತ್ರಾಂಶದ ಹೊಸ ರೂಪ) ಜೊತೆ ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶದಿಂದ ಮಾತ್ರ ಏಳಲು ಬಿಡುವ) ಸೌಲಭ್ಯ, ಟಿಪಿಎಂ 2.0 (ಗುಟ್ಟಿನ ಕೀಲಿಗಳನ್ನು ಕಾಯುವ ಭದ್ರತಾ ಭಾಗ), ಮತ್ತು ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇಂಟೆಲ್‌ನಲ್ಲಿ ಒಂದೆರಡು ಅಪವಾದ ಬಿಟ್ಟರೆ ಎಂಟನೇ ತಲೆಮಾರಿನಿಂದ ಮೇಲೆ. ತಲೆಮಾರು ತಿಳಿಯಲು ಹೆಸರಿನ ಅಡ್ಡಗೆರೆಯ ನಂತರದ ಅಂಕೆ ನೋಡಿ: ಐ5-7400 ಏಳನೆಯದು, ಐ5-8400 ಎಂಟನೆಯದು, ಐ5-10400 ಹತ್ತನೆಯದು. ಎಎಂಡಿಯಲ್ಲಿ ರೈಜನ್ 2000 ಸರಣಿಯಿಂದ ಶುರು, ಆದರೆ ಆ ಸರಣಿಯ ಎಲ್ಲವೂ ಇಲ್ಲ, ಹಾಗಾಗಿ ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಓಡಿಸಿಯೇ ನೋಡಿ.

ಹೆಲ್ತ್ ಚೆಕ್ "ಟಿಪಿಎಂ ಇಲ್ಲ" ಎಂದ ಕೂಡಲೇ ಹೊಸ ಕಂಪ್ಯೂಟರ್ ಕೊಳ್ಳಲು ಹೊರಡಬೇಡಿ. ನಮ್ಮ ಊರಿನ ಅಸೆಂಬಲ್ ಮಾಡಿದ ಡೆಸ್ಕ್‌ಟಾಪ್‌ಗಳಲ್ಲಿ ಅದು ಇದ್ದರೂ ಆಫ್ ಆಗಿರುವುದೇ ಜಾಸ್ತಿ. ಬಯೋಸ್ (ಕಂಪ್ಯೂಟರ್ ಏಳುವಾಗ ತೆರೆಯುವ ಮೂಲ ಸೆಟ್ಟಿಂಗ್) ಒಳಗೆ ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ ಎಂದೂ ಎಎಂಡಿಯಲ್ಲಿ ಎಫ್‌ಟಿಪಿಎಂ ಎಂದೂ ಇರುತ್ತದೆ, ಆನ್ ಮಾಡಿದರೆ ಸಾಕು. ಅಲ್ಲೇ ಪಕ್ಕದಲ್ಲಿ "ಕ್ಲಿಯರ್ ಟಿಪಿಎಂ" ಎಂದೂ ಇರಬಹುದು. ಅದನ್ನು ಮುಟ್ಟಬೇಡಿ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ (ಕೀಲಿ ಇಲ್ಲದೆ ಓದಲು ಬಾರದಂತೆ ಗುಪ್ತವಾಗಿದ್ದರೆ) ರಿಕವರಿ ಕೀ ಇಲ್ಲದೆ ಮತ್ತೆ ಒಳಗೆ ಹೋಗಲು ಆಗುವುದಿಲ್ಲ.

ಕನಿಷ್ಠ 4 ಜಿಬಿ ಎಂಬುದು ಕಾಗದದ ಮಾತು. 8 ಜಿಬಿಗಿಂತ ಕಡಿಮೆ ಇದ್ದರೆ, ಅಥವಾ ವಿಂಡೋಸ್ ಇರುವುದು ತಿರುಗುವ ಹಾರ್ಡ್ ಡಿಸ್ಕಿನಲ್ಲಿದ್ದರೆ, 11 ಹಾಕುವ ಮೊದಲು ಎಸ್‌ಎಸ್‌ಡಿ ಮತ್ತು ರ‍್ಯಾಮ್ ಹಾಕಿಸಿ. ಇಲ್ಲದಿದ್ದರೆ ಬೆಳಿಗ್ಗೆ ಸ್ವಿಚ್ ಹಾಕಿ ಬನ್ಸ್ ತಿಂದು ಬಂದರೂ ಪರದೆ ಸಿದ್ಧವಾಗಿರುವುದಿಲ್ಲ.

ಅತಿ ಹಳೆಯ ವಸ್ತುವಿನ ತಪಾಸಣೆ

ಹೊಸ ಸ್ಟಾರ್ಟ್ ಮೆನು ಚೆನ್ನಾಗಿದೆಯೋ ಇಲ್ಲವೋ ಎಂಬ ಚರ್ಚೆಗೆ ಬೆಲೆ ಇಲ್ಲ, ಎರಡು ವಾರದಲ್ಲಿ ಕೈ ಹೊಂದಿಕೊಳ್ಳುತ್ತದೆ. ವ್ಯವಹಾರ ನಿಲ್ಲುವುದು ಕೆಳಗಿನವುಗಳಿಂದ. ಒಂದು ಹಾಳೆಯಲ್ಲಿ ನಿಮಗೆ ಅನ್ನ ಕೊಡುವ ಪ್ರತಿ ಪ್ರೋಗ್ರಾಂ, ಪ್ರತಿ ಯುಎಸ್‌ಬಿ ವಸ್ತುವಿನ ಹೆಸರು ಬರೆಯಿರಿ. ನೆನಪಿನಿಂದ ಬರೆದರೆ ಅರ್ಧ ಬಿಟ್ಟುಹೋಗುತ್ತದೆ, ಸಿಪಿಯು ಹಿಂಬದಿಯ ವೈರುಗಳನ್ನು ಒಂದೊಂದಾಗಿ ನೋಡಿ ಬರೆಯಿರಿ.

*ಕನ್ನಡದ ಅಕ್ಷರಗಳು.* ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಮಾಡಿದ ಮದುವೆ ಕಾಗದ, ಯಕ್ಷಗಾನದ ಕರಪತ್ರ, ಬ್ರಹ್ಮಕಲಶದ ಆಮಂತ್ರಣಗಳೆಲ್ಲ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಫಾಂಟ್ ಇಲ್ಲದಿದ್ದರೆ ಆ ಕಡತ ತೆರೆದಾಗ ಕಾಣುವುದು ಇಂಗ್ಲಿಷ್ ಅಕ್ಷರಗಳ ಗೊಂದಲ. ಹಾಗಾಗಿ ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ಕನ್ನಡ ಫಾಂಟುಗಳನ್ನೆಲ್ಲ ಪೆನ್‌ಡ್ರೈವ್‌ಗೆ ನಕಲು ಮಾಡಿಟ್ಟುಕೊಳ್ಳಿ. ಶ್ರೀಲಿಪಿಗೆ ಡಾಂಗಲ್ (ಲೈಸೆನ್ಸ್ ಇರುವ ಯುಎಸ್‌ಬಿ ಕೀಲಿ) ಇದ್ದರೆ ಅದರ ಡ್ರೈವರ್ (ವಸ್ತುವನ್ನು ವಿಂಡೋಸ್ ಜೊತೆ ಬೆಸೆಯುವ ತಂತ್ರಾಂಶ) 11ಕ್ಕೆ ಉಂಟೋ ಎಂದು ಮೊದಲೇ ಮಾರಾಟಗಾರರಲ್ಲಿ ಕೇಳಿ. ವರ್ಡ್‌ನಲ್ಲಿ ತುಂಗ ಫಾಂಟ್ ಬಳಸುತ್ತಿದ್ದವರಿಗೆ ಇನ್ನೊಂದು ಸೂಚನೆ: ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಅದು ಇರದೇ ಹೋಗಬಹುದು. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಎಂದು ಹುಡುಕಿ ಸೇರಿಸಿದರೆ ಬರುತ್ತದೆ. ಯೂನಿಕೋಡ್ ಬಳಸುವವರಿಗೆ ಈ ಚಿಂತೆ ಇಲ್ಲ, ನಿರ್ಮಲಾ ಫಾಂಟ್ ಜೊತೆಗೇ ಬರುತ್ತದೆ. ಆದರೆ ಬೆರಳುಗಳ ಅಭ್ಯಾಸದ್ದು ಬೇರೆ ಮಾತು. ಮಂಗಳೂರು ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವೇ ನುಡಿಯದ್ದಕ್ಕೆ ಮೂಲ, ಅದಕ್ಕೆ ಒಗ್ಗಿದವರಿಗೆ ವಿಂಡೋಸ್ ಒಳಗಿನ ಕನ್ನಡ ಕೀಲಿಮಣೆ ಕೈಗೆ ಬರುವುದಿಲ್ಲ. ನಿಮ್ಮ ಟೈಪಿಂಗ್ ತಂತ್ರಾಂಶದ ಸೆಟಪ್ ಕಡತವನ್ನೂ ಉಳಿಸಿಕೊಳ್ಳಿ.

*ಪೇಜ್‌ಮೇಕರ್ ಮತ್ತು ಅದರ ಸಮವಯಸ್ಕರು.* 11ರಲ್ಲಿ 64 ಬಿಟ್ ಮಾತ್ರ. 16 ಬಿಟ್ ಕಾಲದ ಪ್ರೋಗ್ರಾಂಗಳು 64 ಬಿಟ್ ವಿಂಡೋಸ್‌ನಲ್ಲಿ ಓಡುವುದಿಲ್ಲ. ನಿಮ್ಮ 10 ಈಗಾಗಲೇ 64 ಬಿಟ್ ಆಗಿದ್ದು ಅದರಲ್ಲಿ ಪ್ರೋಗ್ರಾಂ ಓಡುತ್ತಿದ್ದರೆ 11ರಲ್ಲೂ ಓಡುವ ಸಾಧ್ಯತೆ ದೊಡ್ಡದು. 10 ಇನ್ನೂ 32 ಬಿಟ್ ಆಗಿದ್ದರೆ ಇದ್ದುದರ ಮೇಲೆಯೇ ಏರಿಸಲು ಬರುವುದಿಲ್ಲ, ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು. ಹಳೆಯ ಸಹಕಾರಿ ಸಂಘಗಳಲ್ಲಿ ಯಾರೋ ಬರೆದುಕೊಟ್ಟ ಡಾಸ್ ಮಾದರಿಯ ಲೆಕ್ಕದ ಪ್ರೋಗ್ರಾಂ ಇದ್ದರೆ ಇಲ್ಲೇ ನಿಲ್ಲಿ. ಅದಕ್ಕೆ ಬದಲಿ ಸಿಗುವವರೆಗೆ ಏರಿಸಬೇಡಿ.

*ಟ್ಯಾಲಿ.* ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಜೊತೆ ವೈ ಒತ್ತಿ ಬ್ಯಾಕಪ್ ತೆಗೆಯಿರಿ. ಡಿಸ್ಕ್ ಅಳಿಸಿ ಹೊಸದಾಗಿ ಹಾಕುವುದಾದರೆ ಲೈಸೆನ್ಸ್ ಸರೆಂಡರ್ ಮಾಡಿದ ಮೇಲೆಯೇ ಮಾಡಿ.

*ಡಿಜಿಟಲ್ ಸಹಿ ಟೋಕನ್.* ಜಿಎಸ್‌ಟಿ, ಆದಾಯ ತೆರಿಗೆ, ಟೆಂಡರ್ ಕೆಲಸದವರಿಗೆ ಎಲ್ಲಕ್ಕಿಂತ ಸೂಕ್ಷ್ಮ ಇದೇ. ಸಹಿಯ ಗುಟ್ಟಿನ ಕೀಲಿ ಇರುವುದು ಟೋಕನ್ ಒಳಗೆ, ಹಾಗಾಗಿ ವಿಂಡೋಸ್ ಬದಲಾದರೂ ಅದು ಕಳೆದುಹೋಗುವುದಿಲ್ಲ. ಹಾಳಾಗುವುದು ಡ್ರೈವರ್ ಮತ್ತು ಸಹಿ ಹಾಕಿಸುವ ತಂತ್ರಾಂಶವಾದ ಇಎಂಸೈನರ್ ನಡುವಿನ ಸಂಬಂಧ. 2025ರ ಅಕ್ಟೋಬರ್ ಭದ್ರತಾ ಅಪ್‌ಡೇಟ್‌ನ ನಂತರ ಕೆಲವು 32 ಬಿಟ್ ಪ್ರೋಗ್ರಾಂಗಳಲ್ಲಿ ಸ್ಮಾರ್ಟ್‌ಕಾರ್ಡ್ (ಟೋಕನ್ ಕೂಡ ಇದೇ ಬಗೆಯದು) ಗುರುತಿಸದೆ ಸಹಿ ಹಾಕಲಾಗದ ತೊಂದರೆಯನ್ನು ಮೈಕ್ರೋಸಾಫ್ಟ್ ತಾನೇ ಒಪ್ಪಿಕೊಂಡಿತ್ತು. ಅಪ್‌ಡೇಟ್ ಹಾಕಿದ ದಿನವೇ ಒಂದು ಪಿಡಿಎಫ್‌ಗೆ ಸಹಿ ಹಾಕಿ ನೋಡಿ, ಕೊನೆಯ ದಿನಕ್ಕೆ ಬಿಡಬೇಡಿ. ಟೋಕನ್ ತೆರೆಯದಿದ್ದರೂ ಅದರ ಮೆನುವಿನಲ್ಲಿರುವ "ಇನಿಷಿಯಲೈಸ್" ಒತ್ತಬೇಡಿ, ಒತ್ತಿದರೆ ಒಳಗಿನ ಪ್ರಮಾಣಪತ್ರ ಅಳಿಸಿಹೋಗುತ್ತದೆ, ಮತ್ತೆ ಹೊಸದು ಕೊಳ್ಳಬೇಕು.

*ಪ್ರಿಂಟರ್, ಸ್ಕ್ಯಾನರ್, ಜೆರಾಕ್ಸ್ ಮೆಷಿನ್.* ಹಳೆಯ ಚಿಕ್ಕ ಲೇಸರ್ ಪ್ರಿಂಟರುಗಳಲ್ಲಿ ಹಲವು ತಮ್ಮದೇ ಡ್ರೈವರ್ ಇಲ್ಲದೆ ಒಂದು ಹಾಳೆಯನ್ನೂ ಮುದ್ರಿಸವು, ಹಾಗಾಗಿ ಕಂಪನಿಯ ಜಾಲತಾಣದಲ್ಲಿ 64 ಬಿಟ್ ಡ್ರೈವರ್ ಈಗಲೂ ಸಿಗುತ್ತದೆಯೇ ನೋಡಿ, ಇಳಿಸಿಟ್ಟುಕೊಳ್ಳಿ. 24ಎಚ್2 ಬಂದ ಹೊಸದರಲ್ಲಿ ಯುಎಸ್‌ಬಿಯಲ್ಲಿ ಜೋಡಿಸಿದ ಕೆಲವು ಸ್ಕ್ಯಾನರ್ ಮತ್ತು ಮಲ್ಟಿಫಂಕ್ಷನ್ ಯಂತ್ರಗಳು ಕಂಪ್ಯೂಟರಿಗೆ ಕಾಣದೇ ಹೋಗಿದ್ದವು, ನಂತರ ಸರಿಯಾಯಿತು. ಹೊಸ ಆವೃತ್ತಿಗೆ ಎರಡು ತಿಂಗಳು ಕೊಡಿ ಎನ್ನುವುದು ಇಂಥದ್ದಕ್ಕೇ.

ಇನ್ನೊಂದು ತೊಂದರೆ ತಾನಾಗಿ ಸರಿಯಾಗುವಂಥದ್ದಲ್ಲ. 24ಎಚ್2 ಪ್ರೊದಲ್ಲಿ ನೆಟ್‌ವರ್ಕ್ ಫೋಲ್ಡರಿಗೆ ಎಸ್‌ಎಂಬಿ ಸೈನಿಂಗ್ (ಕಡತ ಹಂಚಿಕೆಯ ಸಂದೇಶಗಳಿಗೆ ಪರಿಶೀಲನೆಯ ಮುದ್ರೆ) ಕಡ್ಡಾಯ, ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶ ಬಂದ್. ದೊಡ್ಡ ಜೆರಾಕ್ಸ್ ಮೆಷಿನ್ನಿನಿಂದ ನೇರವಾಗಿ ಕಂಪ್ಯೂಟರಿನ ಫೋಲ್ಡರಿಗೆ ಸ್ಕ್ಯಾನ್ ಕಳಿಸುವ ಕಚೇರಿಗಳಲ್ಲಿ, ರೂಟರಿಗೆ ಸಿಕ್ಕಿಸಿದ ಹಾರ್ಡ್ ಡಿಸ್ಕ್ ಹಂಚಿಕೊಳ್ಳುವ ಮನೆಗಳಲ್ಲಿ ಅಪ್‌ಗ್ರೇಡ್ ಆದ ಮರುದಿನ "ನೆಟ್‌ವರ್ಕ್ ಹೋಯಿತು" ಎಂಬ ಫೋನ್ ಬರುವುದು ಇದರಿಂದಲೇ. ಮೆಷಿನ್ನಿನ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಹೊಸದು ಮಾಡಿ, ಅದಕ್ಕೆಂದೇ ಪಾಸ್‌ವರ್ಡ್ ಇರುವ ಒಂದು ಯೂಸರ್ ಖಾತೆ ತೆರೆದರೆ ಬಹುಪಾಲು ಸರಿಹೋಗುತ್ತದೆ. ಸೈನಿಂಗನ್ನೇ ಆಫ್ ಮಾಡುವುದು ಸುಲಭದ ದಾರಿ, ಆದರೆ ಕೊನೆಯದ್ದು.

*ಸಿಸಿಟಿವಿ ಡಿವಿಆರ್.* ಹಳೆಯ ಡಿವಿಆರ್‌ಗಳ ಪುಟ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬ್ರೌಸರನ್ನೂ ಅದರ ಆಕ್ಟಿವ್‌ಎಕ್ಸ್ ಜೋಡಣೆಯನ್ನೂ ಕೇಳುತ್ತದೆ. 11ರಲ್ಲಿ ಎಕ್ಸ್‌ಪ್ಲೋರರ್ ಇಲ್ಲ. ಎಡ್ಜ್ ಬ್ರೌಸರಿನ ಐಇ ಮೋಡ್‌ನಲ್ಲಿ ತೆರೆದು ನೋಡಿ. ಇದನ್ನು ಈಗ ನಿಮ್ಮ 10ರಲ್ಲೇ ಪರೀಕ್ಷಿಸಬಹುದು.

ಆಸ್ಪತ್ರೆಯ ಲ್ಯಾಬ್ ಯಂತ್ರ, ಗೇರುಬೀಜ ಕಾರ್ಖಾನೆಯ ತೂಕದ ಯಂತ್ರ, ಕಂಪ್ಯೂಟರ್ ಕಸೂತಿ ಯಂತ್ರ, ಹೀಗೆ ಯಾವುದಾದರೂ ಉಪಕರಣಕ್ಕೆ ಜೋಡಿಸಿದ ಕಂಪ್ಯೂಟರ್ ಆಗಿದ್ದರೆ ನನ್ನ ಮಾತನ್ನೂ ಕೇಳಬೇಡಿ. ಉಪಕರಣದ ಕಂಪನಿಯಿಂದ "11ರಲ್ಲಿ ನಡೆಯುತ್ತದೆ" ಎಂದು ಬರಹದಲ್ಲಿ ಪಡೆದುಕೊಳ್ಳಿ.

ಹಾಳೆಯಲ್ಲಿ ಒಂದೊಂದರ ಮುಂದೆ ನಡೆಯುತ್ತದೆ, ನಡೆಯುವುದಿಲ್ಲ, ಗೊತ್ತಿಲ್ಲ ಎಂದು ಬರೆಯಿರಿ. "ನಡೆಯುವುದಿಲ್ಲ" ಎಂಬುದು ಒಂದಿದ್ದರೂ ಆ ಕಂಪ್ಯೂಟರ್ ಕಾಯುವ ಸಾಲಿಗೆ ಸೇರಿತು. ಎಲ್ಲವೂ "ನಡೆಯುತ್ತದೆ" ಆಗಿದ್ದು ಇನ್ನೂ 10ರಲ್ಲಿ ಕುಳಿತಿದ್ದರೆ ಕಾಯಲು ಕಾರಣವೇ ಇಲ್ಲ.

ಯಾವ ದಿನ ಮಾಡಬೇಕು

ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ತಿಂಗಳ ಎರಡನೇ ಮಂಗಳವಾರ 8ರಿಂದ 14ನೇ ತಾರೀಕಿನ ಒಳಗೆ ಬೀಳುತ್ತದೆ. ಪ್ರತಿ ತಿಂಗಳು ಜಿಎಸ್‌ಟಿ ಸಲ್ಲಿಸುವವರಿಗೆ ಜಿಎಸ್‌ಟಿಆರ್-1 ರಿಟರ್ನಿಗೆ 11ನೇ ತಾರೀಕು ಕೊನೆ, 3ಬಿ ರಿಟರ್ನಿಗೆ 20 ಕೊನೆ. ಅಂದರೆ ಹೊಸ ಅಪ್‌ಡೇಟ್ ಬರುವುದಕ್ಕೂ ಲೆಕ್ಕದವರ ಕುತ್ತಿಗೆಗೆ ಬರುವುದಕ್ಕೂ ಒಂದೇ ವಾರ. ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಕರ್ನಾಟಕದವರಿಗೆ 3ಬಿ 22ಕ್ಕೆ. ಹಾಗಾಗಿ ದೊಡ್ಡ ಅಪ್‌ಗ್ರೇಡ್‌ಗೆ ಲೆಕ್ಕದ ಕಚೇರಿಯವರಿಗೆ ಪ್ರಶಸ್ತ ಕಾಲ 23ನೇ ತಾರೀಕಿನಿಂದ ತಿಂಗಳ ಕೊನೆಯವರೆಗೆ. ಅಷ್ಟು ಹೊತ್ತಿಗೆ ಆ ತಿಂಗಳ ಅಪ್‌ಡೇಟ್‌ನಲ್ಲಿ ಏನಾದರೂ ಎಡವಟ್ಟು ಇದ್ದರೆ ಅದೂ ಬಯಲಾಗಿರುತ್ತದೆ. ತಿಂಗಳ ಕೊನೆಯ ಹೊತ್ತಿಗೆ "ಪ್ರಿವ್ಯೂ" ಎಂಬ ಐಚ್ಛಿಕ ಅಪ್‌ಡೇಟ್ ಕಾಣಿಸಿದರೆ ಬಿಟ್ಟುಬಿಡಿ, ಮುಂದಿನ ತಿಂಗಳು ಅದು ಹೇಗೂ ಸೇರಿಯೇ ಬರುತ್ತದೆ. ಮಾರ್ಚ್, ಜುಲೈ ಮತ್ತು ಸೆಪ್ಟೆಂಬರ್ ತಿಂಗಳುಗಳನ್ನು ಆ ಕಚೇರಿಗಳು ಪೂರ್ತಿ ಬಿಡುವುದೇ ಒಳ್ಳೆಯದು.

ಡಿಟಿಪಿಯವರ ಪಂಚಾಂಗ ಬೇರೆ. ಜಾತ್ರೆ, ಕೋಲ, ಆಟ, ಮದುವೆಗಳೆಲ್ಲ ಒಟ್ಟಿಗೆ ಬರುವ ಡಿಸೆಂಬರ್‌ನಿಂದ ಮೇವರೆಗೆ ಅವರ ಯಂತ್ರ ಮುಟ್ಟಬಾರದು. ಪತ್ತನಾಜೆ ಕಳೆದು ಮೇಳಗಳು ತಿರುಗಾಟ ಮುಗಿಸಿದ ಮೇಲೆ ಕೆಲಸ ಇಳಿಯುತ್ತದೆ, ಆಗ ನೋಡಿ.

ಮತ್ತೆ ಹವಾಮಾನ. ಕರಾವಳಿಯಲ್ಲಿ ಕಂಪ್ಯೂಟರಿಗೆ ಆಟಿಯ ಜಡಿಮಳೆಗಿಂತ ಹೆಚ್ಚಿನ ಶತ್ರು ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ಸಂಜೆಗಳ ಸಿಡಿಲು. ಹೊಸ ಆವೃತ್ತಿಗಳು ಬರುವುದೂ, ಬೆಂಬಲ ಮುಗಿಯುವುದೂ ಸಾಮಾನ್ಯವಾಗಿ ಅದೇ ಅಕ್ಟೋಬರ್‌ನಲ್ಲಿ! ಆ ತಿಂಗಳುಗಳಲ್ಲಿ ಮಾಡಲೇಬೇಕಾದರೆ ಬೆಳಿಗ್ಗೆ ಶುರು ಮಾಡಿ, ಮಧ್ಯಾಹ್ನದೊಳಗೆ ಮುಗಿಸಿ. ಮೆಸ್ಕಾಂ ವಿದ್ಯುತ್ ವ್ಯತ್ಯಯದ ಪ್ರಕಟಣೆಯನ್ನು ಹಿಂದಿನ ದಿನದ ಪತ್ರಿಕೆಯಲ್ಲಿ ನೋಡಿಕೊಳ್ಳಿ. ಚಿಕ್ಕ ಯುಪಿಎಸ್ ಇರುವುದು ಕಂಪ್ಯೂಟರನ್ನು ಕ್ರಮವಾಗಿ ಆಫ್ ಮಾಡಲು ಸಮಯ ಕೊಡುವುದಕ್ಕೆ. ಗಂಟೆಗಟ್ಟಲೆ ನಡೆಯುವ ಅಪ್‌ಗ್ರೇಡನ್ನು ಅದು ದಡ ಸೇರಿಸದು. ನಡುವೆ ಕರೆಂಟ್ ಹೋದರೆ ವಿಂಡೋಸ್ ಹೆಚ್ಚಾಗಿ ಹಳೆಯ ಸ್ಥಿತಿಗೆ ಮರಳುತ್ತದೆ, ಆದರೆ ಅದಕ್ಕೆ ಖಾತರಿ ಇಲ್ಲ. ಬಯೋಸ್ ಅಪ್‌ಡೇಟ್ ನಡುವೆ ಹೋದರೆ ಮಾತ್ರ ಮದರ್‌ಬೋರ್ಡೇ ಹೋಗಬಹುದು.

ಹಿಂದಿನ ದಿನ ಮಾಡಬೇಕಾದ್ದು

ಮೊದಲು ಬ್ಯಾಕಪ್. ಕಂಟ್ರೋಲ್ ಪ್ಯಾನೆಲ್‌ನಲ್ಲಿ "ಬ್ಯಾಕಪ್ ಅಂಡ್ ರಿಸ್ಟೋರ್, ವಿಂಡೋಸ್ 7" ಎಂಬ ಹಳೆಯ ಹೆಸರಿನಲ್ಲಿ ಈಗಲೂ ಸಿಸ್ಟಂ ಇಮೇಜ್ (ಇಡೀ ವಿಂಡೋಸ್ ಡಿಸ್ಕಿನ ಯಥಾಪ್ರತಿ) ತೆಗೆಯುವ ಸೌಲಭ್ಯ ಉಂಟು. ಹೊರಗಿನ ಹಾರ್ಡ್ ಡಿಸ್ಕಿಗೆ ಪೂರ್ತಿ ಇಮೇಜ್ ತೆಗೆಯಿರಿ. ಉಚಿತವಾದ ಕ್ಲೋನ್‌ಜಿಲ್ಲಾ ಕೂಡ ಆಗುತ್ತದೆ, ಸ್ವಲ್ಪ ಒರಟು ಅಷ್ಟೆ. ಇದಲ್ಲದೆ ಟ್ಯಾಲಿ ಡೇಟಾ, ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಫೋಟೋ, ಔಟ್‌ಲುಕ್ ಕಡತಗಳನ್ನು ಇನ್ನೊಂದು ಡಿಸ್ಕಿಗೆ ಪ್ರತ್ಯೇಕವಾಗಿ ನಕಲು ಮಾಡಿ. ನಂತರ ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ಎರಡು ಮೂರು ಕಡತ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಒಪ್ಪುವುದಿಲ್ಲ. ಒನ್‌ಡ್ರೈವ್‌ನಲ್ಲಿ ಉಂಟಲ್ಲ ಎಂದರೆ, ಅಲ್ಲಿ ಉಚಿತ ಜಾಗ 5 ಜಿಬಿ ಮಾತ್ರ, ಅದರಲ್ಲಿ ನಿಮ್ಮ ಮಗಳ ಮದುವೆಯ ಫೋಟೋಗಳೇ ಹಿಡಿಸವು.

ಬಿಟ್‌ಲಾಕರ್ ರಿಕವರಿ ಕೀ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತದೆ. ಬಯೋಸ್ ಬದಲಿಸಿದಾಗ ಅದು 48 ಅಂಕೆಯ ಕೀ ಕೇಳಬಹುದು. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆ ಖಾತೆಯ ಪಾಸ್‌ವರ್ಡ್ ಯಾರ ಬಳಿ ಇದೆ ಎಂಬುದೂ ದೊಡ್ಡ ಪ್ರಶ್ನೆ. ಕಂಪ್ಯೂಟರ್ ಮಾರಿದ ಅಂಗಡಿಯ ಹುಡುಗನೇ ತನ್ನ ಇಮೇಲ್ ಹಾಕಿ ಖಾತೆ ತೆರೆದು ಕೊಟ್ಟಿರುವುದು ಅಪರೂಪವಲ್ಲ.

ಜಾಗ 64 ಜಿಬಿಯಷ್ಟು ಖಾಲಿ ಇರಲಿ. ಹೊರಗಿನ ಆಂಟಿವೈರಸ್ ಇದ್ದರೆ ತೆಗೆದುಬಿಡಿ. ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟ್‌ನಿಂದಲೇ ನಡೆಸುವವರು ಗಮನಿಸಿ, ಅಪ್‌ಗ್ರೇಡ್ ಹಲವು ಜಿಬಿ ನುಂಗುತ್ತದೆ, ದಿನದ ಡೇಟಾ ಅರ್ಧ ದಾರಿಯಲ್ಲಿ ಮುಗಿಯುತ್ತದೆ. ಫೈಬರ್ ಇರುವ ಸ್ನೇಹಿತರಲ್ಲಿ ಐಎಸ್‌ಒ ಕಡತ (ವಿಂಡೋಸ್‌ನ ಪೂರ್ತಿ ಸೆಟಪ್ ಇರುವ ಒಂದೇ ಕಡತ) ಇಳಿಸಿ ಪೆನ್‌ಡ್ರೈವ್‌ನಲ್ಲಿ ತನ್ನಿ. ಮೈಕ್ರೋಸಾಫ್ಟ್‌ನ ತಾಣದಿಂದಲೇ ಇಳಿಸಿ. "ಎಲ್ಲ ಸಾಫ್ಟ್‌ವೇರ್ ಸೇರಿಸಿದ" ವಿಂಡೋಸ್ ಎಂದು ಪೆನ್‌ಡ್ರೈವ್ ಹಿಡಿದು ಬರುವವರನ್ನು ಬಾಗಿಲಲ್ಲೇ ನಿಲ್ಲಿಸಿ.

ಆ ದಿನ

ಕಚೇರಿಯಲ್ಲಿ ಎಷ್ಟೇ ಕಂಪ್ಯೂಟರ್ ಇರಲಿ, ಮೊದಲು ಒಂದನ್ನೇ ಮಾಡಿ. ಯಜಮಾನರದ್ದೂ ಅಲ್ಲ, ಬಿಲ್ಲಿಂಗ್ ಕೌಂಟರಿನದ್ದೂ ಅಲ್ಲ, ನಡುವಿನ ಒಂದು.

ಕೀಲಿಮಣೆ, ಮೌಸ್, ನೆಟ್‌ವರ್ಕ್ ಬಿಟ್ಟು ಉಳಿದ ಯುಎಸ್‌ಬಿ ವಸ್ತುಗಳನ್ನೆಲ್ಲ ಕಳಚಿ. ಪೆನ್‌ಡ್ರೈವ್‌ನಲ್ಲಿ ತಂದಿದ್ದರೆ ಐಎಸ್‌ಒ ಕಡತವನ್ನು ಡಿಸ್ಕಿಗೆ ನಕಲು ಮಾಡಿ, ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಒಳಗಿನ ಸೆಟಪ್ ಓಡಿಸಿ. ಇಲ್ಲವಾದರೆ ಇನ್‌ಸ್ಟಲೇಶನ್ ಅಸಿಸ್ಟೆಂಟ್ ಓಡಿಸಿ. ಏನನ್ನು ಉಳಿಸಿಕೊಳ್ಳಬೇಕು ಎಂದು ಕೇಳಿದಾಗ "ಕಡತ ಮತ್ತು ಆ್ಯಪ್ ಎರಡೂ" ಎಂಬ ಆಯ್ಕೆ ಇರಬೇಕು. ಅದು ಮಸುಕಾಗಿ ಕಂಡರೆ ಅಲ್ಲೇ ರದ್ದು ಮಾಡಿ. ನಡುವೆ ಪರದೆ ಕಪ್ಪಾಗಿ ಕೆಲವು ನಿಮಿಷ ನಿಂತರೆ ಗಾಬರಿಪಟ್ಟು ಪವರ್ ಬಟನ್ ಒತ್ತಬೇಡಿ. ಡಿಸ್ಕಿನ ದೀಪ ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆ.

ನಂತರದ 10 ದಿನ

ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ "ಗೋ ಬ್ಯಾಕ್" ಬಟನ್ 10 ದಿನ ಮಾತ್ರ ಇರುತ್ತದೆ. ಅದರೊಳಗೆ ಹಳೆಯ ವಿಂಡೋಸ್‌ಗೆ ಮರಳಬಹುದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿಸ್ಮ್ (DISM) ಎಂಬ ಆದೇಶದಿಂದ ಈ ಅವಧಿಯನ್ನು 60 ದಿನದವರೆಗೆ ಹಿಗ್ಗಿಸಲು ಬರುತ್ತದೆ. ಕಚೇರಿಯ ಯಂತ್ರವಾದರೆ ಒಂದು ತಿಂಗಳಾದರೂ ಮಾಡಿಸಿಕೊಳ್ಳಿ, ಒಂದು ಜಿಎಸ್‌ಟಿ ಸುತ್ತು ಪೂರ್ತಿ ಅದರೊಳಗೆ ಬರುವಂತೆ. ಹಳೆಯದೆಲ್ಲ ಇರುವುದು ವಿಂಡೋಸ್.ಓಲ್ಡ್ ಎಂಬ ಫೋಲ್ಡರಿನಲ್ಲಿ. ಜಾಗ ಉಳಿಸಲು ಡಿಸ್ಕ್ ಕ್ಲೀನಪ್ಪೋ ಯಾವುದೋ ಕ್ಲೀನರ್ ಸಾಫ್ಟ್‌ವೇರೋ ಓಡಿಸಿ ಅದನ್ನು ಅಳಿಸಿದರೆ ಮರಳುವ ದಾರಿ ಮುಚ್ಚಿತು.

ಮೊದಲೇ ಬರೆದ ಹಾಳೆ ತೆಗೆದು ಒಂದೊಂದನ್ನೇ ಜೋಡಿಸಿ ಪರೀಕ್ಷಿಸಿ: ಹಳೆಯ ಕನ್ನಡ ಕಡತ ತೆರೆದು ಮುದ್ರಿಸಿ, ಟೋಕನ್‌ನಿಂದ ಸಹಿ ಹಾಕಿ, ಸ್ಕ್ಯಾನ್ ಮಾಡಿ, ಟ್ಯಾಲಿಯಿಂದ ಒಂದು ಬಿಲ್ ತೆಗೆಯಿರಿ. ಎಲ್ಲ ಸರಿ ಇದ್ದರೆ ಎರಡನೇ ಕಂಪ್ಯೂಟರಿಗೆ ಕೈ ಹಾಕಿ.

ಕಾಯುವುದಾದರೆ ಕಾಯುವ ಕ್ರಮ

10ರಲ್ಲೇ ಉಳಿಯುವವರು ಮೊದಲು ಅದು 22ಎಚ್2 ಆವೃತ್ತಿಯೇ ಎಂದು ನೋಡಿಕೊಂಡು, ಹೆಚ್ಚುವರಿ ಭದ್ರತಾ ಯೋಜನೆಗೆ ಸೇರಬೇಕು. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿಯ ಕೊಂಡಿ ಇರುತ್ತದೆ. ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್‌ಗಳನ್ನು ಖಾತೆಯೊಂದಿಗೆ ಸಿಂಕ್ ಮಾಡಿದರೆ ಉಚಿತ, ಇಲ್ಲವಾದರೆ 1000 ರಿವಾರ್ಡ್ಸ್ ಅಂಕ ಅಥವಾ 30 ಡಾಲರಿನ ಲೆಕ್ಕದ ಶುಲ್ಕ. ಒಂದೇ ಖಾತೆಯಲ್ಲಿ 10 ಯಂತ್ರಗಳವರೆಗೆ ಸೇರಿಸಬಹುದು. ಆದರೆ ಇದು ಮನೆ ಬಳಕೆಗೆ ಇರುವ ಯೋಜನೆ. ಕಂಪನಿ, ಸಂಸ್ಥೆಗಳಿಗೆ ಬೇರೆ, ದುಬಾರಿಯಾದ ಯೋಜನೆ ಉಂಟು, ಅದು ಮೂರು ವರ್ಷದವರೆಗೆ ಹೋಗುತ್ತದೆ.

ಇದರ ಜೊತೆಗೆ ಅಷ್ಟಾಗಿ ಸುದ್ದಿಯಾಗದ ಇನ್ನೊಂದು ತಾರೀಕು ಉಂಟು. ಸೆಕ್ಯೂರ್ ಬೂಟ್‌ಗೆ 2011ರಲ್ಲಿ ಕೊಟ್ಟ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯುತ್ತಾ ಬರುತ್ತದೆ. ಹೊಸ ಪ್ರಮಾಣಪತ್ರ ಬರುವುದು ಬೆಂಬಲ ಇರುವ ಯಂತ್ರಗಳಿಗೆ ಅಪ್‌ಡೇಟ್ ಮೂಲಕ. ಅವಧಿ ಮುಗಿದರೆ ಕಂಪ್ಯೂಟರ್ ನಿಲ್ಲುವುದಿಲ್ಲ, ಆದರೆ ಬೂಟ್ ಹಂತದ ಮುಂದಿನ ತೇಪೆಗಳು ಅದಕ್ಕೆ ಸಿಗುವುದಿಲ್ಲ. ಅಪ್‌ಡೇಟ್ ಸರ್ವಿಸ್ ಆಫ್ ಮಾಡಿಟ್ಟವರಿಗೆ ಇದೂ ತಪ್ಪಿಹೋಗುತ್ತದೆ.

11ರಲ್ಲಿದ್ದು ಹೊಸ ಆವೃತ್ತಿಯನ್ನು ಮಾತ್ರ ತಡೆಯಬೇಕಾದರೆ, ಪ್ರೊದಲ್ಲಿ ಗ್ರೂಪ್ ಪಾಲಿಸಿ ಎಂಬ ಸೆಟ್ಟಿಂಗ್‌ನಿಂದ "ಇದೇ ಆವೃತ್ತಿಯಲ್ಲಿರಲಿ" ಎಂದು ಕಟ್ಟಿಹಾಕಬಹುದು, ಭದ್ರತಾ ತೇಪೆಗಳು ಬರುತ್ತಲೇ ಇರುತ್ತವೆ. ಹೋಮ್‌ನಲ್ಲಿ ಅಪ್‌ಡೇಟನ್ನು ಕೆಲವು ವಾರ ತಡೆಹಿಡಿಯುವ ಪಾಝ್ (Pause) ಬಟನ್ ಬಿಟ್ಟರೆ ಹೆಚ್ಚೇನೂ ಕೈಯಲ್ಲಿಲ್ಲ. "ನಿಮ್ಮ ಯಂತ್ರಕ್ಕೆ ಈ ಆವೃತ್ತಿ ಇನ್ನೂ ಸಿದ್ಧವಿಲ್ಲ" ಎಂಬರ್ಥದ ಸಂದೇಶ ಕಂಡರೆ, ನಿಮ್ಮಲ್ಲಿರುವ ಯಾವುದೋ ಡ್ರೈವರಿನ ತೊಂದರೆ ಕಂಪನಿಗೇ ಗೊತ್ತಾಗಿ ತಡೆಹಿಡಿದಿದೆ ಎಂದು ತಿಳಿಯಿರಿ. ಐಎಸ್‌ಒ ತಂದು ಬಲವಂತವಾಗಿ ಏರಿಸಬೇಡಿ.

ಯಂತ್ರಕ್ಕೆ ಯೋಗ್ಯತೆಯೇ ಇಲ್ಲವಾದರೆ

ಟಿಪಿಎಂ, ಪ್ರೊಸೆಸರ್ ತಪಾಸಣೆಯನ್ನು ತಪ್ಪಿಸಿ 11 ಹಾಕಿಕೊಡುವವರು ಮಂಗಳೂರು, ಉಡುಪಿ ಎರಡೂ ಊರಿನಲ್ಲಿದ್ದಾರೆ. ತಾಂತ್ರಿಕವಾಗಿ ಆಗುತ್ತದೆ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಸಿಗುವ ಹಕ್ಕಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ, ಮತ್ತು ಹೊಸ ಆವೃತ್ತಿ ಬಂದಾಗ ಅದೇ ಸರ್ಕಸ್ ಮತ್ತೆ ಮಾಡಬೇಕಾಗಬಹುದು. 24ಎಚ್2ನಿಂದ ಈಚೆಗೆ ತೀರಾ ಹಳೆಯ ಪ್ರೊಸೆಸರುಗಳಲ್ಲಿ ಅದು ಬೂಟ್ ಆಗುವುದೇ ಇಲ್ಲ. ಮನೆಯಲ್ಲಿ ಪ್ರಯೋಗಕ್ಕಾದರೆ ಮಾಡಿ, ಲೆಕ್ಕ ಇಡುವ ಯಂತ್ರಕ್ಕೆ ಬೇಡ.

ಬ್ರೌಸರ್, ಇಮೇಲ್, ಪಿಡಿಎಫ್, ಯೂಟ್ಯೂಬ್ ಇಷ್ಟಕ್ಕೇ ಬಳಸುವ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಮಿಂಟ್ 22 ಹಾಕಿ. 2029ರವರೆಗೆ ಬೆಂಬಲ ಇರುತ್ತದೆ, ಕನ್ನಡ ಯೂನಿಕೋಡ್ ಚೆನ್ನಾಗಿ ಕಾಣುತ್ತದೆ. ಡಿಸ್ಕಿಗೆ ಹಾಕದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡುವ ಅವಕಾಶವೂ ಉಂಟು. ಟ್ಯಾಲಿ, ಸಹಿ ಟೋಕನ್, ಹಳೆಯ ನುಡಿ ಇದ್ದವರಿಗೆ ಇದನ್ನು ಹೇಳುವುದಿಲ್ಲ.

ಇನ್ನು ಪೇಜ್‌ಮೇಕರ್ ಓಡುವ ಆ ಒಂದೇ ಹಳೆಯ ಯಂತ್ರ. ಅದನ್ನು ಏರಿಸುವುದೂ ಬೇಡ, ಎಸೆಯುವುದೂ ಬೇಡ. ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ, ಮುದ್ರಣಕ್ಕೆ ಮಾತ್ರ ಇಟ್ಟುಕೊಳ್ಳಿ. ಕಡತ ಸಾಗಿಸುವ ಪೆನ್‌ಡ್ರೈವ್‌ನ ಆಟೋಪ್ಲೇ ಬಂದ್ ಮಾಡಿ, ಅದನ್ನು ಪ್ರತಿ ಸಲವೂ ಹೊಸ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿಸಿ. ಈ ಯಂತ್ರದ ಡಿಸ್ಕಿನ ಇಮೇಜನ್ನೂ ಒಂದು ತೆಗೆದಿಡಿ. ಕಡಲ ಗಾಳಿಯ ಉಪ್ಪು ಮಲ್ಪೆ, ಉಳ್ಳಾಲ ಕಡೆಯ ಅಂಗಡಿಗಳಲ್ಲಿ ರ‍್ಯಾಮ್‌ನ ಕಾಲುಗಳನ್ನೂ ಬಿಡುವುದಿಲ್ಲ. ಆ ಮದರ್‌ಬೋರ್ಡ್ ಒಂದು ದಿನ ಏಳದೇ ಹೋದಾಗ, ಇಮೇಜನ್ನು ಇನ್ನೊಂದು ಕಂಪ್ಯೂಟರಿನಲ್ಲಿ ವರ್ಚುವಲ್ ಯಂತ್ರವಾಗಿ (ಒಂದು ಕಂಪ್ಯೂಟರಿನ ಒಳಗೆ ಓಡುವ ಇನ್ನೊಂದಾಗಿ) ಎಬ್ಬಿಸಲು ಬರುತ್ತದೆ. ಡಾಂಗಲ್ ಇದ್ದರೆ ಮಾತ್ರ ಮೊದಲೇ ಒಮ್ಮೆ ಪರೀಕ್ಷಿಸಿ ನೋಡಿ.